ಚಿಪ್ಪು ಒಡೆಯದ ಪೆಟ್ಟು

ಅಮೆರಿಕದ ಪ್ರೌಢಶಾಲೆಯೊಂದರಲ್ಲಿ ಜೀವಶಾಸ್ತ್ರ ಕಲಿಸುವ ನನಗೆ ನರಮಂಡಲದ ಪಾಠ ಬರುವುದು ಅಕ್ಟೋಬರ್‌ನಲ್ಲಿ, ಅಂದರೆ ಫುಟ್‌ಬಾಲ್ ಋತುವಿನ ನಟ್ಟನಡುವೆ. ಶುಕ್ರವಾರ ಸಂಜೆ ಪಂದ್ಯವಿದ್ದರೆ ತಂಡದ ಹುಡುಗರು ಬೆಳಗಿನ ತರಗತಿಗೇ ಜರ್ಸಿ ತೊಟ್ಟು ಬರುತ್ತಾರೆ. ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಲ್ಲ; ಚೆಂಡನ್ನು ಅವಚಿಕೊಂಡು ಓಡುವವನನ್ನು ಎದುರಾಳಿಗಳು ಮೈಮೇಲೆರಗಿ ಕೆಡಹುವ ಆಟ. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟುಗಳಿಂದ ವರ್ಷಗಳ ಬಳಿಕ ತಲೆದೋರುವ ಕ್ರಾನಿಕ್ ಟ್ರಾಮ್ಯಾಟಿಕ್ ಎನ್ಸೆಫಲೋಪತಿ, ಅಂದರೆ ಸಿಟಿಇ ಎಂಬ ಮಿದುಳಿನ ರೋಗವನ್ನು ನಾನು ಈ ಹುಡುಗರ ಎದುರೇ ವಿವರಿಸಬೇಕು.

ಪಾಠ ಶುರುವಾಗುವುದು ಒಂದು ಮೊಟ್ಟೆಯಿಂದ. ಹಳದಿ ಒಡೆಯದಂತೆ ಅದನ್ನು ಪಾರದರ್ಶಕ ಡಬ್ಬಿಯೊಳಗೆ ಬಿಟ್ಟು, ಗಾಳಿಗೆ ಜಾಗವಿರದಂತೆ ಬಿಳಿಲೋಳೆ ತುಂಬಿ ಮುಚ್ಚಳ ಹಾಕುತ್ತೇನೆ. ಡಬ್ಬಿಯನ್ನು ನೇರವಾಗಿ ಕುಟ್ಟಿದರೆ ಹಳದಿ ಹೆಚ್ಚೇನೂ ಕದಲುವುದಿಲ್ಲ. ತಿರುಗುಮಣೆಯ ಮೇಲಿಟ್ಟು ಗಿರ್ರನೆ ತಿರುಗಿಸಿ ಥಟ್ಟನೆ ಹಿಡಿದು ನಿಲ್ಲಿಸಿದಾಗ ಮಾತ್ರ ಅದು ಆಕಾರಗೆಟ್ಟು ವಿಕಾರವಾಗುತ್ತದೆ. ಡಬ್ಬಿಯ ಮೇಲೆ ಒಂದು ಗೀರೂ ಇರುವುದಿಲ್ಲ. ಗಿಣ್ಣಿನಷ್ಟು ಮೆತ್ತಗಿದ್ದು ದ್ರವದಲ್ಲಿ ತೇಲುವ ಮಿದುಳು, ತಲೆ ರಭಸದಿಂದ ತಿರುಗಿ ನಿಂತಾಗ ಹೀಗೆಯೇ ಹಿಂಜಿದಂತಾಗುತ್ತದೆ. ಹೆಲ್ಮೆಟ್ ಬುರುಡೆ ಬಿರಿಯದಂತೆ ಕಾಯುತ್ತದೆ. ಒಳಗಿನ ಈ ಹೊಯ್ದಾಟವನ್ನು ತಡೆಯುವಷ್ಟು ಶಕ್ತಿ ಅದಕ್ಕಿಲ್ಲ.

ರೋಗ ಹೊಸದೇನಲ್ಲ. ಬಾಕ್ಸರ್‌ಗಳು ಕುಡಿದವರಂತೆ ತೂರಾಡುವುದನ್ನು ಅಮೆರಿಕದ ರೋಗಶಾಸ್ತ್ರಜ್ಞ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ವಿವರಿಸಿದ್ದರು. ಫುಟ್‌ಬಾಲ್‌ಗೆ ಅದರ ನಂಟು ಗೊತ್ತಾದದ್ದು ಪಿಟ್ಸ್‌ಬರ್ಗ್‌ನ ಶವಾಗಾರದಲ್ಲಿ. ವೃತ್ತಿಪರ ಲೀಗ್‌ನಲ್ಲಿ 17 ಋತು ಆಡಿದ ಮೈಕ್ ವೆಬ್‌ಸ್ಟರ್ 2002ರಲ್ಲಿ, 50ನೇ ವಯಸ್ಸಿನಲ್ಲಿ ತೀರಿಕೊಂಡಾಗ, ನೈಜೀರಿಯಾ ಮೂಲದ ರೋಗಶಾಸ್ತ್ರಜ್ಞ ಬೆನೆಟ್ ಒಮಾಲು ಅವರ ಮುಂದಿದ್ದ ಮಿದುಳು ಕಣ್ಣಿಗೆ ಸಹಜವಾಗಿಯೇ ಕಾಣುತ್ತಿತ್ತು. ಆದರೂ ಅದನ್ನು ಕಾದಿರಿಸಿ, ತೆಳುವಾಗಿ ಸೀಳಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ನೋಡಿದಾಗ ಟೌ ಎಂಬ ಪ್ರೋಟೀನಿನ ಗಂಟುಗಳು ಕಂಡವು. ವರದಿ 2005ರಲ್ಲಿ ಪ್ರಕಟವಾಯಿತು. ನರಕೋಶದೊಳಗಿನ ಸಾಗಣೆಯ ಹಳಿಗಳನ್ನು ಬಿಗಿಯಾಗಿ ಹಿಡಿದಿಡುವ ಈ ಪ್ರೋಟೀನು ಸಿಟಿಇಯಲ್ಲಿ ಹಳಿಯಿಂದ ಕಳಚಿ, ಮಿದುಳಿನ ಮಡಿಕೆಗಳ ಆಳದಲ್ಲಿ, ಸಣ್ಣ ರಕ್ತನಾಳಗಳ ಸುತ್ತ ಗಂಟುಗಟ್ಟುತ್ತದೆ.

ಇಷ್ಟನ್ನು ಮಕ್ಕಳು ಬೇಗ ಗ್ರಹಿಸುತ್ತಾರೆ. ಅವರಿಗೆ ಒಪ್ಪಿಸಲು ಕಷ್ಟವಾಗುವುದು ಸಣ್ಣ ಪೆಟ್ಟಿನ ವಿಚಾರ. ಎಚ್ಚರ ತಪ್ಪಿಸುವ ಅಥವಾ ತಲೆ ಸುತ್ತಿಸುವ ಪೆಟ್ಟನ್ನು, ಅಂದರೆ ಕಂಕಷನ್ನನ್ನು, ಎಲ್ಲರೂ ಗುರುತಿಸುತ್ತಾರೆ. ವಾಷಿಂಗ್ಟನ್ ರಾಜ್ಯ 2009ರಲ್ಲಿ ತಂದ ಕಾನೂನಿನ ಮಾದರಿಯಲ್ಲಿ ಅಂಥ ಶಂಕೆಯಿರುವ ವಿದ್ಯಾರ್ಥಿಯನ್ನು ಕೂಡಲೇ ಅಂಗಣದಿಂದ ಹೊರಗೆ ಕೂರಿಸುವ ನಿಯಮ ಈಗ ಎಲ್ಲ ರಾಜ್ಯಗಳಲ್ಲಿದೆ. ಸಿಟಿಇಯ ಲೆಕ್ಕಾಚಾರವೇ ಬೇರೆ. ಅಲ್ಲಿ ಕಂಕಷನ್ ಎಷ್ಟು ಸಲ ಆಯಿತೆಂಬುದಕ್ಕಿಂತ ಎಷ್ಟು ವರ್ಷ, ಒಟ್ಟು ಎಷ್ಟು ರಭಸದ ಪೆಟ್ಟು ಬಿತ್ತೆಂಬುದಕ್ಕೇ ರೋಗದೊಂದಿಗೆ ಹತ್ತಿರದ ಸಂಬಂಧ ಕಂಡಿದೆ. ಯಾವ ಲಕ್ಷಣವನ್ನೂ ತೋರದ, ಯಾರೂ ಬರೆದಿಡದ ಢಿಕ್ಕಿಗಳೂ ಆ ಲೆಕ್ಕಕ್ಕೆ ಸೇರುತ್ತವೆ.

ಪ್ರತಿವರ್ಷ ಯಾರಾದರೊಬ್ಬರು 111ರಲ್ಲಿ 110 ಎಂಬ ಸಂಖ್ಯೆಯನ್ನು ಹಿಡಿದು ಬರುತ್ತಾರೆ. ಬಾಸ್ಟನ್ ವಿಶ್ವವಿದ್ಯಾಲಯದ ಆ್ಯನ್ ಮಕ್ಕೀ ಅವರ ತಂಡ 2017ರಲ್ಲಿ 202 ಫುಟ್‌ಬಾಲ್ ಆಟಗಾರರ ಮಿದುಳುಗಳನ್ನು ಪರೀಕ್ಷಿಸಿದ ವರದಿ ನೀಡಿತು. ವೃತ್ತಿಪರ ಲೀಗ್‌ನಲ್ಲಿ ಆಡಿದ್ದ 111 ಮಂದಿಯಲ್ಲಿ 110 ಮಂದಿಗೆ ಸಿಟಿಇ ಇತ್ತು. ಈ ಸಂಖ್ಯೆಯನ್ನು ಬರೆದು ಚಾಕ್‌ಪೀಸನ್ನು ಅಲ್ಲಿಗೇ ಕೆಳಗಿಡುವುದು ನನ್ನ ದೃಷ್ಟಿಯಲ್ಲಿ ಕೆಟ್ಟ ಪಾಠ. ಛೇದದಲ್ಲಿರುವ 111 ಎಲ್ಲಿಂದ ಬಂತೆಂದು ಮಕ್ಕಳೇ ಕೇಳುವಂತಾಗಬೇಕು. ಅವು ಕುಟುಂಬದವರು ದಾನ ಕೊಟ್ಟ ಮಿದುಳುಗಳು. ಬದುಕಿದ್ದಾಗ ಮರೆವು, ಸಿಡುಕು, ಖಿನ್ನತೆಗಳನ್ನು ಕಂಡ ಮನೆಯವರೇ ದಾನಕ್ಕೆ ಹೆಚ್ಚಾಗಿ ಮುಂದಾಗುತ್ತಾರೆ. ಆದ್ದರಿಂದ ಆಡಿದವರಲ್ಲಿ ನೂರಕ್ಕೆ ಇಷ್ಟು ಮಂದಿಗೆ ರೋಗ ಬರುತ್ತದೆಂದು ಇದರಿಂದ ಹೇಳಲಾಗದು. ಅದೇ ವರದಿಯಲ್ಲಿ, ಪ್ರೌಢಶಾಲೆಯವರೆಗೆ ಮಾತ್ರ ಆಡಿದ್ದ 14 ಮಂದಿಯಲ್ಲಿ 3 ಮಂದಿಗೆ ಸಿಟಿಇ ಇತ್ತೆಂಬುದನ್ನೂ ಹೇಳುತ್ತೇನೆ. ಅದು ನಿರಾಳವಾಗುವ ಸಂಖ್ಯೆಯೂ ಅಲ್ಲ.

ಇಲ್ಲಿನ ಕನ್ನಡ ಕೂಟದಲ್ಲಿ ಮಾತು ಬಂದರೆ, “ಸದ್ಯ, ನಮ್ಮ ಹುಡುಗ ಆಡೋದು ಸಾಕರ್” ಎನ್ನುವವರೇ ಹೆಚ್ಚು. ಸಾಕರ್ ಅಂದರೆ ನಮ್ಮ ಕಾಲ್ಚೆಂಡು; ಚೆಂಡನ್ನು ತಲೆಯಿಂದ ಹೊಡೆಯುವ ಹೆಡಿಂಗ್‌ನಿಂದ ಅಲ್ಲಿಯೂ ತಲೆಗೆ ಪೆಟ್ಟು ಉಂಟು. ಸ್ಕಾಟ್ಲೆಂಡ್‌ನ 7,676 ಮಾಜಿ ವೃತ್ತಿಪರ ಆಟಗಾರರ ಮೇಲಿನ 2019ರ ಅಧ್ಯಯನದ ಪ್ರಕಾರ, ಮಿದುಳು ಸವೆಯುವ ರೋಗಗಳಿಂದ ಅವರಲ್ಲಿ ಶೇ. 1.7ರಷ್ಟು ಮಂದಿ ಸತ್ತಿದ್ದರೆ ಹೋಲಿಕೆಗೆ ಆಯ್ದ ಸಾಮಾನ್ಯ ಜನರಲ್ಲಿ ಶೇ. 0.5ರಷ್ಟು ಮಂದಿ ಸತ್ತಿದ್ದರು. ಅಮೆರಿಕದ ಸಾಕರ್ ಒಕ್ಕೂಟ 10 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಹೆಡಿಂಗ್ ನಿಷೇಧಿಸುವ ನಿರ್ಧಾರವನ್ನು 2015ರಲ್ಲೇ ಪ್ರಕಟಿಸಿತ್ತು.

ಕಳೆದ ವರ್ಷ, ಮುಂಚೂಣಿಯ ಸಾಲಿನಲ್ಲಿ ಆಡುವ ದಢೂತಿ ಹುಡುಗನೊಬ್ಬ ತರಗತಿ ಮುಗಿದ ಮೇಲೂ ಉಳಿದ. ಸ್ಕ್ಯಾನ್ ಮಾಡಿಸಿದರೆ ತಿಳಿಯುತ್ತದೆಯೇ ಎಂದು ಕೇಳಿದ. ಬದುಕಿರುವವರಲ್ಲಿ ಖಚಿತವಾಗಿ ಪತ್ತೆಹಚ್ಚುವ ಪರೀಕ್ಷೆ ಇನ್ನೂ ಇಲ್ಲ, ಸತ್ತ ಮೇಲೆ ಮಿದುಳನ್ನು ನೋಡಿಯೇ ಹೇಳಬೇಕು ಎಂದೆ. ಆಟ ಬಿಡಬೇಕೇ ಎಂದು ಅವನು ಕೇಳಲಿಲ್ಲ, ಬಿಡೆಂದು ನಾನೂ ಹೇಳಲಿಲ್ಲ. ಒಂದು ಅಭ್ಯಾಸದಲ್ಲಿ ತಲೆಗೆ ಎಷ್ಟು ಢಿಕ್ಕಿಯಾಗುತ್ತದೆಂದು ಎಣಿಸಿಕೊಂಡು ಬಾ ಎಂದಷ್ಟೇ ಹೇಳಿದೆ. ಮರುದಿನ ಬಂದು, ಅರ್ಧ ಅಭ್ಯಾಸ ಮುಗಿಯುವಷ್ಟರಲ್ಲೇ ಲೆಕ್ಕ ತಪ್ಪಿತು ಎಂದ.