ಕಾಯಿಲೆಗಳ ಪಟ್ಟಿಯಲ್ಲಿ ತಪ್ಪು ಹುಡುಕುವವರು ಯಾರು?

ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲಿಗೆ ಕುಸಿದು ಬಿದ್ದವರ ಮೈ 40 ಡಿಗ್ರಿ ದಾಟಿ ಸುಡುತ್ತಿದ್ದರೂ ಅದು ಸೋಂಕಿನ ಜ್ವರವಲ್ಲ ಎಂಬುದು ವಾರ್ಡಿನ ದಾದಿಗೆ ಗೊತ್ತು. ಕಂಪ್ಯೂಟರಿಗೆ ಅದನ್ನು ಯಾರಾದರೂ ಬರೆದುಕೊಡಬೇಕು. ಯಾವ ಕಾಯಿಲೆ ಯಾವುದರ ಬಗೆ, ಯಾವುದು ಯಾವ ಅಂಗಕ್ಕೆ ಸೇರಿದ್ದು ಎಂದು ಬರೆದಿಟ್ಟ ಇಂಥ ಸಂಬಂಧಗಳ ಜಾಲವೇ ಆಂಟಾಲಜಿ.

ವೈದ್ಯಕೀಯ ಆಂಟಾಲಜಿಗಳಲ್ಲಿ ಹೆಸರಾದದ್ದು ಸ್ನೋಮೆಡ್ ಸಿಟಿ. ಅಮೆರಿಕದ ರೋಗಶಾಸ್ತ್ರಜ್ಞರು 1965ರಲ್ಲಿ ಹೊರತಂದ ಪದಪಟ್ಟಿ ಅದರ ಮೂಲ. ಮುಂದೆ ಬ್ರಿಟನ್ನಿನ ವೈದ್ಯಕೀಯ ಸಂಕೇತಗಳೂ ಸೇರಿ 2002ರಲ್ಲಿ ಈಗಿನ ರೂಪ ಬಂತು. ಮೂರು ಲಕ್ಷಕ್ಕೂ ಹೆಚ್ಚು ಪರಿಕಲ್ಪನೆಗಳು ಅದರಲ್ಲಿವೆ. ಭಾರತ 2014ರಲ್ಲಿ ಅದನ್ನು ನಡೆಸುವ ಅಂತರರಾಷ್ಟ್ರೀಯ ಸಂಸ್ಥೆಯ ಸದಸ್ಯ ದೇಶವಾಯಿತು.

ಇಷ್ಟು ದೊಡ್ಡ ಜಾಲವನ್ನು ತಜ್ಞರೇ ಕುಳಿತು ಸಾಲು ಸಾಲಾಗಿ ಪರಿಶೀಲಿಸುವುದು ಆಗದ ಮಾತು. ಪಾದವನ್ನು ಸೊಂಟದ ಭಾಗಕ್ಕೆ ಸೇರಿಸಿದಂಥ ಎಡವಟ್ಟುಗಳನ್ನು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಅಲನ್ ರೆಕ್ಟರ್ ಮತ್ತು ಸಂಗಡಿಗರು 2011ರಲ್ಲೇ ಎತ್ತಿ ತೋರಿಸಿದ್ದರು.

ಸ್ಟ್ಯಾನ್‌ಫರ್ಡಿನ ಜೊನಾಥನ್ ಮಾರ್ಟೆನ್ಸನ್, ಮಾರ್ಕ್ ಮುಸೆನ್ ಮತ್ತಿತರರು ಬೇರೊಂದು ದಾರಿ ಹಿಡಿದರು. ಪ್ರತಿ ಸಂಬಂಧವನ್ನೂ ಒಂದು ಪುಟ್ಟ ವಾಕ್ಯವಾಗಿಸಿ ಸಾಮಾನ್ಯ ಜನರ ಮುಂದಿಟ್ಟರು. 'ಸೆಪ್ಟಿಕ್ ಶಾಕ್ ಮೃದು ಅಂಗಾಂಶದ ಒಂದು ಬಗೆಯ ಸೋಂಕು': ಸರಿಯೋ ತಪ್ಪೋ? ಸೋಂಕಿನಿಂದ ರಕ್ತದೊತ್ತಡ ಕುಸಿದು ಅಂಗಾಂಗಗಳು ಸೋಲುವ ಸ್ಥಿತಿ ಸೆಪ್ಟಿಕ್ ಶಾಕ್. ಅದರ ಮೂಲ ನ್ಯುಮೋನಿಯಾ ಆಗಿರಬಹುದು, ಮೂತ್ರದ ಸೋಂಕೂ ಆಗಿರಬಹುದು; ಚರ್ಮ, ಸ್ನಾಯುಗಳಂಥ ಮೃದು ಅಂಗಾಂಶದ್ದೇ ಆಗಬೇಕಿಲ್ಲ. ಆದರೆ ಸ್ನೋಮೆಡ್ ಈ ವಾಕ್ಯ ಸರಿ ಎನ್ನುತ್ತಿತ್ತು! ಚರ್ಮ, ಸ್ನಾಯುಗಳ ಸೋಂಕಿನ ರೋಗಿಗಳು ಎಷ್ಟು ಎಂದು ಆಸ್ಪತ್ರೆಯೊಂದು ಲೆಕ್ಕ ಕೇಳಿದರೆ ಸೆಪ್ಟಿಕ್ ಶಾಕ್ ಆದವರೆಲ್ಲರೂ ಅದರೊಳಗೆ ಬಂದು ಬೀಳುತ್ತಾರೆ.

ಹೀಗೆ 200 ಸಂಬಂಧಗಳನ್ನು ಪರೀಕ್ಷಿಸಿ, ಬಂದ ಉತ್ತರಗಳನ್ನು ಸಂಖ್ಯಾಶಾಸ್ತ್ರದ ವಿಧಾನದಿಂದ ಒಟ್ಟುಗೂಡಿಸಿದಾಗ ಅದುವರೆಗೆ ಯಾರ ಕಣ್ಣಿಗೂ ಬೀಳದ 39 ಗಂಭೀರ ತಪ್ಪುಗಳು ಹೊರಬಿದ್ದವು. ಖರ್ಚು ತಜ್ಞರಿಗೆ ತಗಲುವುದರ ಕಾಲು ಭಾಗ. ನನಗೆ ಮುಖ್ಯವೆನಿಸಿದ್ದು ಮತ್ತೊಂದು ಅಂಕಿ. ಪರಸ್ಪರ ಒಮ್ಮತವನ್ನು ಅಳೆಯುವ ಮಾಪನದಲ್ಲಿ (1 ಎಂದರೆ ಪೂರ್ಣ ಒಮ್ಮತ) ಜನರಿಗೂ ತಜ್ಞರಿಗೂ ನಡುವೆ ಸಿಕ್ಕಿದ್ದು 0.58, ತಜ್ಞರು ತಜ್ಞರ ನಡುವೆಯೇ 0.59. ಪರಿಣತರಲ್ಲೇ ಇಷ್ಟು ಭಿನ್ನಾಭಿಪ್ರಾಯವಿರುವಾಗ ಜನರ ತೀರ್ಪನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ.

ಈ ಕೆಲಸಕ್ಕೆ ಕಲಬುರಗಿ, ಬೀದರ್, ಯಾದಗಿರಿಯ ದಾದಿಯರು, ಔಷಧ ವಿತರಕರು, ಪ್ರಯೋಗಾಲಯದ ತಂತ್ರಜ್ಞರು ಏಕೆ ಬೇಡ? ಪ್ರಶ್ನೆಯನ್ನೂ ಕಾಯಿಲೆಯ ವಿವರಣೆಯನ್ನೂ ಕನ್ನಡದಲ್ಲೇ ಕೊಟ್ಟರೆ ಮೊಬೈಲಿನಲ್ಲೇ ಉತ್ತರಿಸಬಹುದು. ಇಲ್ಲಿ ಯಾವ ರೋಗಿಯ ಗುಟ್ಟೂ ಹೊರಹೋಗುವುದಿಲ್ಲ, ಏಕೆಂದರೆ ಪ್ರಶ್ನೆ ಇರುವುದು ಕಾಯಿಲೆಯ ಬಗ್ಗೆ. ಅಪರೂಪದ ವಂಶವಾಹಿ ರೋಗಗಳಂಥ ವಿಷಯಗಳನ್ನು ಮಾತ್ರ ತಜ್ಞರಿಗೇ ಬಿಡಬೇಕು. ಜನ ಗುರುತಿಸಿದ ತಪ್ಪುಗಳನ್ನೂ ವೈದ್ಯರು ಮತ್ತೊಮ್ಮೆ ನೋಡಿದ ಮೇಲೆ, ಸ್ನೋಮೆಡ್‌ನ ಭಾರತೀಯ ಹೊಣೆ ಹೊತ್ತಿರುವ ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್‌ಗೆ ತಿದ್ದುಪಡಿಯ ಕೋರಿಕೆಯಾಗಿ ಕಳುಹಿಸಬಹುದು.