ಹ್ಯಾಮ್ ರೇಡಿಯೋದ ಡಿಜಿಟಲ್ ದನಿ ಯಾರ ಕೈಯಲ್ಲಿರಬೇಕು?

ಒಂದೇ ಊರಿನ ಇಬ್ಬರು ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋ ನಡೆಸುವವರು, ತಮ್ಮ ಸೆಟ್‌ಗಳನ್ನು ಒಂದೇ ಆವರ್ತನಕ್ಕೆ ಹೊಂದಿಸಿಕೊಂಡಿದ್ದರೂ, ಒಬ್ಬರ ಸೆಟ್ ಡಿ-ಸ್ಟಾರ್ ಎಂಬ ಡಿಜಿಟಲ್ ಕ್ರಮದಲ್ಲಿ, ಇನ್ನೊಬ್ಬರದು ಸಿಸ್ಟಂ ಫ್ಯೂಷನ್ ಎಂಬ ಬೇರೆ ಡಿಜಿಟಲ್ ಕ್ರಮದಲ್ಲಿ ಇದ್ದರೆ ಅವರು ಪರಸ್ಪರ ಮಾತನಾಡಲಾರರು. ಡಿ-ಸ್ಟಾರ್ ಜಪಾನಿನ ಹವ್ಯಾಸಿ ರೇಡಿಯೋ ಸಂಘವು 2001ರಲ್ಲಿ ಪ್ರಕಟಿಸಿದ ಮಾನದಂಡ. ಐಕಾಮ್ ಕಂಪನಿ ಅದನ್ನು ಬೆಳೆಸಿತು. ಸಿಸ್ಟಂ ಫ್ಯೂಷನ್ 2013ರಲ್ಲಿ ಯಾಎಸು ಕಂಪನಿ ತಂದದ್ದು. ಇವೆರಡರ ನಡುವೆ, ವ್ಯಾಪಾರಿ ಬಳಕೆಗಾಗಿ ಯುರೋಪಿನಲ್ಲಿ 2005ರಲ್ಲಿ ರೂಪುಗೊಂಡ ಡಿಎಂಆರ್ ಅಗ್ಗದ ಸೆಟ್‌ಗಳ ಬೆನ್ನೇರಿ ಹವ್ಯಾಸಿಗಳ ಕೈಗೂ ಬಂತು. ಹಳೆಯ ಎಫ್‌ಎಂನಲ್ಲಿ ಯಾವ ಕಂಪನಿಯ ಸೆಟ್ಟೂ ಯಾವ ಕಂಪನಿಯ ಸೆಟ್‌ನೊಡನೆಯೂ ಮಾತನಾಡುತ್ತಿತ್ತು. ಡಿಜಿಟಲ್ ಯುಗದಲ್ಲಿ ಆ ಸರಳ ಸೌಲಭ್ಯವೇ ಕೈತಪ್ಪಿದೆ. ಇದಕ್ಕೆ ಕಾರಣ ರೇಡಿಯೋ ತರಂಗಗಳಷ್ಟೇ ಅಲ್ಲ, ದನಿಯನ್ನು ಬಿಟ್‌ಗಳಾಗಿ ಹಿಂಡುವ ವಿಧಾನವೂ ಹೌದು.

ಮಾತನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದರೆ ಸೆಕೆಂಡಿಗೆ 1,28,000 ಬಿಟ್‌ಗಳಾಗುತ್ತವೆ. ಕಿರಿದಾದ ರೇಡಿಯೋ ಚಾನೆಲ್‌ನಲ್ಲಿ ಇಷ್ಟನ್ನು ಕಳಿಸಲಾಗದು. ಆದ್ದರಿಂದ ವೊಕೋಡರ್ ಎಂಬ ವ್ಯವಸ್ಥೆಯು ದನಿಯ ತರಂಗವನ್ನೇ ಕಳಿಸದೆ, ಅದರ ಶ್ರುತಿ ಎಷ್ಟು, ಗಂಟಲು ಕಂಪಿಸುತ್ತಿದೆಯೇ ಅಥವಾ ಬರಿಯ ಉಸಿರು ಹೊರಡುತ್ತಿದೆಯೇ, ಯಾವ ಆವರ್ತನದಲ್ಲಿ ಶಕ್ತಿ ಎಷ್ಟಿದೆ ಎಂಬ ವಿವರಗಳನ್ನಷ್ಟೇ ಕಳಿಸುತ್ತದೆ. ಹಾಡಿನ ಧ್ವನಿಮುದ್ರಣದ ಬದಲು ಅದರ ಸ್ವರಲಿಪಿಯನ್ನು ಕಳಿಸಿ, ಆಚೆ ಬದಿಯವರು ತಮ್ಮ ವಾದ್ಯದಲ್ಲಿ ನುಡಿಸಿಕೊಳ್ಳಲಿ ಎಂದಂತೆ ಇದು. ಡಿ-ಸ್ಟಾರ್‌ನಲ್ಲಿ 20 ಮಿಲಿಸೆಕೆಂಡಿನ ಒಂದು ತುಣುಕು ಮಾತಿಗೆ ಸಿಗುವುದು 48 ಬಿಟ್‌ಗಳು ಮಾತ್ರ. ಅದರ ಜೊತೆಗೆ ದೋಷ ತಿದ್ದಲು 24 ಬಿಟ್, ಪಠ್ಯ ಮುಂತಾದ ದತ್ತಾಂಶಕ್ಕೆ 24 ಬಿಟ್. ಒಟ್ಟು 96 ಬಿಟ್‌ಗಳ ಇಂಥ ಐವತ್ತು ತುಣುಕುಗಳು ಪ್ರತಿ ಸೆಕೆಂಡಿಗೆ ಹೊರಡುತ್ತವೆ. ಇಷ್ಟು ಕಡಿಮೆ ಬಿಟ್‌ಗಳಲ್ಲಿ ಮನುಷ್ಯರ ಮಾತು ಅರ್ಥವಾಗುವಂತೆ ಹೊಮ್ಮುವುದು ನಿಜಕ್ಕೂ ದೊಡ್ಡ ಸಾಧನೆ.

ಆದರೆ ಈ ಮೂರೂ ಕ್ರಮಗಳು ನೆಚ್ಚಿಕೊಂಡಿರುವುದು ಡಿವಿಎಸ್‌ಐ ಎಂಬ ಅಮೆರಿಕದ ಕಂಪನಿಯ ಆಂಬೆ ಕುಟುಂಬದ ವೊಕೋಡರ್‌ಗಳನ್ನು. ಅದು ಪೇಟೆಂಟ್ ಮತ್ತು ಪರವಾನಗಿಯ ಬೇಲಿಯೊಳಗೆ, ಬಹುಮಟ್ಟಿಗೆ ಎಲೆಕ್ಟ್ರಾನಿಕ್ ಚಿಪ್ ರೂಪದಲ್ಲಿ ಬಂದ ತಂತ್ರಜ್ಞಾನ. ರೇಡಿಯೋವನ್ನು ಬಿಚ್ಚಿ, ತಿಳಿದು, ತಿದ್ದಿ, ಮತ್ತೆ ಕಟ್ಟುವುದೇ ಹವ್ಯಾಸಿ ರೇಡಿಯೋದ ಜೀವಾಳವಾಗಿರುವಾಗ, ಸೆಟ್ಟಿನ ಅತಿ ಮುಖ್ಯ ಭಾಗವೇ ಮುಚ್ಚಿದ ಪೆಟ್ಟಿಗೆಯಾಗಿರುವುದನ್ನು ಒಪ್ಪಿಕೊಳ್ಳುವುದು ನನಗಂತೂ ಕಷ್ಟ. ಆಸ್ಟ್ರೇಲಿಯಾದ ಹ್ಯಾಮ್ ಮತ್ತು ಎಂಜಿನಿಯರ್ ಡೇವಿಡ್ ರೋ ಅವರು ಸುಮಾರು 2010ರಿಂದ ಕಟ್ಟುತ್ತ ಬಂದ ಕೋಡೆಕ್2 ಎಂಬ ಮುಕ್ತ ವೊಕೋಡರ್ ಈ ಬೇಲಿಗೆ ಸಿಕ್ಕ ಗಟ್ಟಿಯಾದ ಉತ್ತರ. ಅದರ ಮೂಲಸಂಕೇತವನ್ನು (ಸೋರ್ಸ್ ಕೋಡ್) ಯಾರು ಬೇಕಾದರೂ ಓದಬಹುದು, ಬದಲಿಸಬಹುದು. ಅದನ್ನೇ ಬಳಸಿಕೊಂಡು ಪೋಲೆಂಡಿನ ವೊಯ್ಚೆಕ್ ಕಾಚ್ಮಾರ್ಸ್ಕಿ 2019ರಲ್ಲಿ ಎಂ17 ಎಂಬ ಮುಕ್ತ ಡಿಜಿಟಲ್ ಕ್ರಮದ ಯೋಜನೆಯನ್ನು ಆರಂಭಿಸಿದರು. ಡಿಎಂಆರ್‌ಗೆಂದು ತಯಾರಾದ ಟಿವೈಟಿ ಎಂಡಿ-380ರಂಥ ಅಗ್ಗದ ಹ್ಯಾಂಡ್‌ಸೆಟ್‌ನೊಳಗೆ ಸ್ವಲ್ಪ ಬೆಸುಗೆಯ ಕೆಲಸ ಮಾಡಿ, ಓಪನ್‌ಆರ್‌ಟಿಎಕ್ಸ್ ಎಂಬ ಮುಕ್ತ ಫರ್ಮ್‌ವೇರ್ (ಸೆಟ್ಟನ್ನು ನಡೆಸುವ ಒಳತಂತ್ರಾಂಶ) ತುಂಬಿದರೆ ಅದೇ ಸೆಟ್ ಎಂ17ನಲ್ಲಿ ಮಾತನಾಡುತ್ತದೆ. ಮುಂದಿನ ಸೆಟ್‌ಗಳು ಹೇಗಿರಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಮಾದರಿ ನನಗೆ ಕಾಣುತ್ತಿಲ್ಲ.

ಇದಕ್ಕಿಂತಲೂ ಆಳವಾದ ಬದಲಾವಣೆ ಶಾರ್ಟ್‌ವೇವ್‌ನಲ್ಲಿ ನಡೆಯುತ್ತಿದೆ. ಅನಲಾಗ್ ಸಂಕೇತ ಕ್ಷೀಣಿಸಿದಂತೆ ಗದ್ದಲ ನಿಧಾನವಾಗಿ ಏರುತ್ತದೆ. ಅನುಭವಿ ಕಿವಿ ಅದರ ನಡುವಿನಿಂದಲೂ ಕರೆಸಂಕೇತವನ್ನು, ಅಂದರೆ ಹ್ಯಾಮ್‌ನ ಗುರುತಿನ ಹೆಸರನ್ನು, ಹೆಕ್ಕಬಲ್ಲದು. ಡಿಜಿಟಲ್ ಹಾಗಲ್ಲ. ದೋಷ ತಿದ್ದುವ ಶಕ್ತಿ ಇರುವಷ್ಟು ಹೊತ್ತು ಮಾತು ಸ್ವಚ್ಛವಾಗಿದ್ದು, ಆ ಮಿತಿ ದಾಟಿದೊಡನೆ ಗುಳುಗುಳು ಸದ್ದಾಗಿ ಒಮ್ಮೆಲೇ ಕಡಿದುಹೋಗುತ್ತದೆ. ಶಾರ್ಟ್‌ವೇವ್‌ಗೆ ಮುಕ್ತ ಡಿಜಿಟಲ್ ದನಿ ಕಟ್ಟುತ್ತಿರುವ ರೋ ಅವರ ಫ್ರೀಡಿವಿ ತಂಡ 2024ರಲ್ಲಿ ಮುಂದಿಟ್ಟ ರೇಡ್ ಎಂಬ ಕ್ರಮವು ಈ ಸಮಸ್ಯೆಯನ್ನು ಬುಡದಿಂದಲೇ ಬೇರೆಯಾಗಿ ನೋಡುತ್ತದೆ. ಅದರಲ್ಲಿ ದನಿಯ ವಿವರಗಳನ್ನು ಬಿಟ್‌ಗಳಾಗಿಸುವುದು, ದೋಷ ತಿದ್ದುವಿಕೆ, ಮಾಡ್ಯುಲೇಷನ್ (ಬಿಟ್‌ಗಳನ್ನು ರೇಡಿಯೋ ತರಂಗಕ್ಕೆ ಏರಿಸುವುದು) ಎಂಬ ಪ್ರತ್ಯೇಕ ಹಂತಗಳಿಲ್ಲ. ದನಿಯ ಲಕ್ಷಣಗಳನ್ನು ನೇರವಾಗಿ ರೇಡಿಯೋ ಸಂಕೇತಗಳನ್ನಾಗಿ ಮಾರ್ಪಡಿಸುವುದನ್ನು ನರಜಾಲವೇ (ನ್ಯೂರಲ್ ನೆಟ್‌ವರ್ಕ್), ಗದ್ದಲ ತುಂಬಿದ ಚಾನೆಲ್‌ಗಳ ಅನುಕರಣೆಯಲ್ಲಿ ತರಬೇತಿ ಪಡೆದು, ಕಲಿತಿರುತ್ತದೆ. ನಡುವೆ ಸೊನ್ನೆ-ಒಂದುಗಳ ಕಟ್ಟುನಿಟ್ಟಾದ ತೀರ್ಮಾನವೇ ಇಲ್ಲವಾದ್ದರಿಂದ ಸಂಕೇತ ಕುಗ್ಗಿದಾಗ ಗುಣಮಟ್ಟವೂ ಮೆಲ್ಲಗೆ ಕುಗ್ಗುತ್ತದೆ. ಇದರ ಲೆಕ್ಕಾಚಾರಕ್ಕೆ ಸದ್ಯ ಕಂಪ್ಯೂಟರಿನ ನೆರವು ಬೇಕು. ಹ್ಯಾಂಡ್‌ಸೆಟ್‌ನ ಪುಟ್ಟ ಪ್ರೊಸೆಸರ್‌ಗೆ ಇದನ್ನು ಇಳಿಸುವ ಕೆಲಸ ಇನ್ನೂ ಆಗಬೇಕಿದೆ.

ಕನ್ನಡ ಮಾತನಾಡುವವರಿಗೆ ಇಲ್ಲೊಂದು ವಿಶೇಷ ಗಮನಾರ್ಹ ಅಂಶವಿದೆ. ‘ಸ’ಕಾರದ ಶಕ್ತಿ ಹೆಚ್ಚಾಗಿ 4,000 ಹರ್ಟ್ಸ್‌ಗಿಂತ ಮೇಲಿರುತ್ತದೆ. ಶಾರ್ಟ್‌ವೇವ್‌ನಲ್ಲಿ ಬಳಕೆಯಲ್ಲಿರುವ ಎಸ್‌ಎಸ್‌ಬಿ ಎಂಬ ಅನಲಾಗ್ ಕ್ರಮದ ಸೆಟ್ ಸುಮಾರು 3,000 ಹರ್ಟ್ಸ್‌ಗೇ ದನಿಯನ್ನು ಕತ್ತರಿಸುತ್ತದೆ. ಹಳೆಯ ವೊಕೋಡರ್‌ಗಳು ಹೆಚ್ಚೆಂದರೆ 4,000ದವರೆಗೆ ಹೋಗುತ್ತವೆ. ಹಾಗಾಗಿ ‘ಸ’ ಮತ್ತು ‘ಫ’ಗಳ ಅಂತರವನ್ನು ಕೇಳುಗರೇ ಊಹಿಸಿಕೊಳ್ಳಬೇಕಾಗುತ್ತದೆ. ರೇಡ್ 8,000 ಹರ್ಟ್ಸ್‌ವರೆಗಿನ ದನಿಯನ್ನು ಮರುಸೃಷ್ಟಿಸುತ್ತದೆ, ಅದೂ ಎಸ್‌ಎಸ್‌ಬಿಗಿಂತ ಕಿರಿದಾದ ಜಾಗದಲ್ಲಿ. ಆದರೆ ನರಜಾಲವು ತಾನು ಕೇಳಿ ಕಲಿತ ದನಿಗಳ ಮೇಲೆಯೇ ನಿಂತಿರುತ್ತದೆ. ನಮ್ಮ ‘ಲ’ ಮತ್ತು ‘ಳ’, ‘ನ’ ಮತ್ತು ‘ಣ’, ಅಲ್ಪಪ್ರಾಣ ಮತ್ತು ಮಹಾಪ್ರಾಣಗಳ ಭೇದವು ಗದ್ದಲದಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ಕನ್ನಡದ ಹ್ಯಾಮ್‌ಗಳೇ ಕುಳಿತು ಪರೀಕ್ಷಿಸಬೇಕು. ತಂತ್ರಾಂಶ ಮುಕ್ತವಾಗಿರುವುದರಿಂದ ಆ ಪರೀಕ್ಷೆಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಇಂದಿನ ಡಿಎಂಆರ್ ಮತ್ತು ಡಿ-ಸ್ಟಾರ್ ಸಂಭಾಷಣೆಗಳಲ್ಲಿ ಹಲವು, ರೇಡಿಯೋವನ್ನು ಅಂತರ್ಜಾಲಕ್ಕೆ ಬೆಸೆಯುವ ಮನೆಯ ಪುಟ್ಟ ಹಾಟ್‌ಸ್ಪಾಟ್‌ನಿಂದ ಅಂತರ್ಜಾಲಕ್ಕಿಳಿದು ದೂರದ ಊರು ಸೇರುತ್ತವೆ. ವಿದೇಶದಲ್ಲಿರುವ ಕನ್ನಡಿಗ ಹ್ಯಾಮ್ ಬೆಂಗಳೂರಿನ ಗೆಳೆಯರೊಡನೆ ಹೀಗೆ ಮಾತನಾಡುವುದು ಸಂತೋಷದ ವಿಷಯವೇ. ಆದರೆ 2004ರ ಡಿಸೆಂಬರಿನ ಸುನಾಮಿಯಲ್ಲಿ ಅಂಡಮಾನಿನ ದೂರಸಂಪರ್ಕ ಕುಸಿದಾಗ, ಆಗ ಪೋರ್ಟ್ ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ಮತ್ತು ಅವರ ತಂಡ ಮುಖ್ಯಭೂಮಿಗೆ ಸುದ್ದಿ ಮುಟ್ಟಿಸಿದ್ದು ಶಾರ್ಟ್‌ವೇವ್‌ನಿಂದ. ನಡುವೆ ಯಾವ ಸರ್ವರ್ ಕೂಡ ಇರಲಿಲ್ಲ. ಆದ್ದರಿಂದ ಡಿಜಿಟಲ್ ದನಿಯ ಭವಿಷ್ಯವನ್ನು ನಾನು ಅಳೆಯುವುದು ಜಾಲದ ವಿಸ್ತಾರದಿಂದಲ್ಲ, ಆಂಟೆನಾದಿಂದ ಆಂಟೆನಾಕ್ಕೆ ನೇರವಾಗಿ, ದುರ್ಬಲ ಸಂಕೇತದಲ್ಲಿ ಅದು ಎಷ್ಟು ದೂರ ಮಾತನ್ನು ಒಯ್ಯಬಲ್ಲದು ಎಂಬುದರಿಂದ. ಹೊಸ ಸೆಟ್ ಕೊಳ್ಳುವವರು ವಾಟ್ ಎಷ್ಟು, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು ಕೇಳುವಾಗ, ದನಿಯನ್ನು ಹಿಂಡುವ ಅದರ ಕೋಡೆಕ್ ಯಾವುದು, ಫರ್ಮ್‌ವೇರನ್ನು ನಾವೇ ಬದಲಿಸಬಹುದೇ ಎಂದೂ ಕೇಳತೊಡಗಿದರೆ ತಯಾರಕರು ಆ ಪ್ರಶ್ನೆಗೆ ಉತ್ತರಿಸಲೇಬೇಕಾಗುತ್ತದೆ.