ಒಳ್ಳೆಯ ಪೋ-ಬಾಯ್ ಯಾವುದು? ಒಳಗೇನಿದೆ ಅನ್ನುವ ಮೊದಲು ಬ್ರೆಡ್ ನೋಡಿ

ಓದುಗರ ಪ್ರಶ್ನೆ: ಅಮೆರಿಕದ ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್‌ಗೆ ಹೋದರೆ ಪೋ-ಬಾಯ್ ತಿನ್ನಲೇಬೇಕು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಒಬ್ಬರು ಹೇಳಿದ ಅಂಗಡಿಯನ್ನು ಇನ್ನೊಬ್ಬರು ಒಪ್ಪುವುದಿಲ್ಲ. ಎಷ್ಟೆಂದರೂ ಅದೊಂದು ಉದ್ದ ಬ್ರೆಡ್ಡಿನ ಸ್ಯಾಂಡ್‌ವಿಚ್ ಅಲ್ವಾ? ಒಳ್ಳೆಯದು ಯಾವುದು ಅಂತ ಗೊತ್ತಾಗುವುದು ಹೇಗೆ?

ಬ್ರೆಡ್ ನೋಡಿ. ಒಂದೇ ಮಾತಿನ ಉತ್ತರ ಬೇಕಿದ್ದರೆ ಇಷ್ಟೇ. ಒಳಗೆ ಸೀಗಡಿ ಇರಲಿ, ಮಾಂಸ ಇರಲಿ, ಬರೀ ಆಲೂಗಡ್ಡೆ ಇರಲಿ, ಅದೆಲ್ಲ ಆಮೇಲಿನ ಜಗಳ.

ನನಗೆ ಇದು ತಿಳಿದಿದ್ದು ಒಂದು ಕೆಟ್ಟ ಪೋ-ಬಾಯ್ ತಿಂದ ಮೇಲೆ. ಮೊದಲ ಸಲ ಹೋದಾಗ ಮಧ್ಯಾಹ್ನದ ಬಿಸಿಲಲ್ಲಿ ಸಾಲು ನಿಂತು, ಸೀಗಡಿಯದ್ದೊಂದು ಕಟ್ಟಿಸಿಕೊಂಡೆ. ರೂಮಿಗೆ ಹೋಗಿ ಆರಾಮಾಗಿ ತಿನ್ನೋಣ ಅಂತ ಲೆಕ್ಕ. ದಾರಿಯಲ್ಲಿ ಅಲ್ಲಿ ಇಲ್ಲಿ ಸುತ್ತಿ, ಎರಡು ಗಂಟೆ ಬಿಟ್ಟು ಪೊಟ್ಟಣ ಬಿಚ್ಚಿದರೆ ಮಳೆಯಲ್ಲಿ ನೆನೆದ ರಟ್ಟಿನ ಹಾಗಿತ್ತು. ಇದಕ್ಕಾ ಊರಿಗೆ ಊರೇ ಕುಣಿಯುವುದು ಅನ್ನಿಸಿತು. ಮನಸ್ಸು ತಡೆಯದೆ ಮರುದಿನ ಅದೇ ಅಂಗಡಿಗೆ ಹೋಗಿ, ಈ ಸಲ ಅಲ್ಲೇ ನಿಂತು ತಿಂದೆ. ಕಚ್ಚಿದ ಕೂಡಲೇ ಬ್ರೆಡ್ಡಿನ ಮೇಲ್ಪದರ ಚೂರುಚೂರಾಗಿ ಅಂಗಿಯ ಮೇಲೆಲ್ಲ ಉದುರಿತು. ಒಳಗಿನದು ಹತ್ತಿಯ ಹಾಗೆ ಅಮುಕಿಕೊಂಡು ಕರಗಿಯೇ ಹೋಯಿತು. ಅದೇ ಕೈ, ಅದೇ ಎಣ್ಣೆ, ಅದೇ ಸೀಗಡಿ. ತಪ್ಪು ಅಂಗಡಿಯದ್ದಲ್ಲ, ನನ್ನದು.

ಊರಿನವರು ಇದನ್ನು ಫ್ರೆಂಚ್ ಬ್ರೆಡ್ ಅನ್ನುತ್ತಾರೆ. ಪ್ಯಾರಿಸ್‌ನ ಕೋಲಿನಂಥ ಬ್ರೆಡ್ ಬ್ಯಾಗೆಟ್ ಅಂದುಕೊಂಡರೆ ಕೆಟ್ಟಿರಿ. ಬ್ಯಾಗೆಟ್‌ಗೆ ಗಟ್ಟಿ ಸಿಪ್ಪೆ, ಜಗಿಯುವಂಥ ತಿರುಳು. ಅದರಲ್ಲಿ ಕರಿದ ಸೀಗಡಿ ತುಂಬಿಸಿ ಕಚ್ಚಿ ನೋಡಿ: ಬ್ರೆಡ್ ತುಂಡಾಗುವ ಮೊದಲೇ ಸೀಗಡಿ ಆ ಕಡೆಯಿಂದ ಜಾರಿ ಬೀಳುತ್ತದೆ, ಅಂಗುಳು ಬೇರೆ ಗೀರುತ್ತದೆ. ನ್ಯೂ ಆರ್ಲಿಯನ್ಸ್ ಬ್ರೆಡ್ಡಿನ ಸಿಪ್ಪೆ ಹಪ್ಪಳದ ಜಾತಿ, ಹಲ್ಲು ತಾಗಿದರೆ ಸಾಕು. ತಿರುಳಿನಲ್ಲಿ ಗಾಳಿಯೇ ಜಾಸ್ತಿ. ಅಷ್ಟುದ್ದದ ಬ್ರೆಡ್ ಕೈಗೆತ್ತಿಕೊಂಡರೆ ತೂಕವೇ ಇರುವುದಿಲ್ಲ. ಇದರಿಂದ ಎರಡು ಲಾಭ. ಒಳಗಿನ ತಿಂಡಿಯ ರುಚಿಗೆ ಬ್ರೆಡ್ ಅಡ್ಡ ಬರುವುದಿಲ್ಲ. ಗ್ರೇವಿ ಸುರಿದರೆ ತಿರುಳು ಕುಡಿದುಬಿಡುತ್ತದೆ, ಸಿಪ್ಪೆ ಮಾತ್ರ ಸ್ವಲ್ಪ ಹೊತ್ತು ತಡೆದುಕೊಂಡು ನಿಲ್ಲುತ್ತದೆ.

ಸ್ವಲ್ಪ ಹೊತ್ತು ಅಷ್ಟೇ. ನಮ್ಮ ಬೇಕರಿ ಬನ್ನಿನಷ್ಟು ಬೆಣ್ಣೆ, ಸಕ್ಕರೆ ಇದಕ್ಕೆ ಬೀಳುವುದಿಲ್ಲವಲ್ಲ, ಬೆಳಿಗ್ಗೆಯ ಬ್ರೆಡ್ ಮರುದಿನಕ್ಕೆ ಕಟ್ಟಿಗೆ. ಮಿಕ್ಕಿದ್ದನ್ನು ಬ್ರೆಡ್ ಪುಡಿಂಗ್ ಮಾಡುತ್ತಾರೆ. ಆ ಊರಿನ ಹೋಟೆಲುಗಳಲ್ಲಿ ಬ್ರೆಡ್ ಪುಡಿಂಗ್ ಅಷ್ಟೊಂದು ಕಾಣಸಿಗುವುದಕ್ಕೆ ಇದೂ ಒಂದು ಕಾರಣ. ಇಂಥ ಬ್ರೆಡ್ ಬೇರೆ ಕಡೆ ಯಾಕೆ ಬರುವುದಿಲ್ಲ ಅಂತ ಕೇಳಿದರೆ ಕೆಲವರು ನೀರಿನ ಗುಣ ಅನ್ನುತ್ತಾರೆ, ಕೆಲವರು ಹವೆಯ ತೇವ ಅನ್ನುತ್ತಾರೆ. ನನಗೇನೋ ಅದಕ್ಕಿಂತ ಬೇಕರಿಯವರ ಕೈಮೇಲೆಯೇ ನಂಬಿಕೆ ಜಾಸ್ತಿ.

ಆ ಕೈಗಳ ಕತೆಯೂ ತಮಾಷೆಯಾಗಿದೆ. ಹೆಸರು ಫ್ರೆಂಚ್ ಬ್ರೆಡ್. ಆದರೆ ಊರಿನ ಬಹುಪಾಲು ಅಂಗಡಿಗಳಿಗೆ ಬ್ರೆಡ್ ಕೊಡುವ ಲೈಡನ್‌ಹೈಮರ್ ಬೇಕರಿಯನ್ನು 1896ರಲ್ಲಿ ಶುರು ಮಾಡಿದ್ದು ಜರ್ಮನಿಯಿಂದ ಬಂದವರು. ಇನ್ನು ಪೋ-ಬಾಯ್‌ಗೆ ಈಗಿನ ಆಕಾರ ಕೊಟ್ಟ ಜಾನ್ ಜೆಂಡೂಸಾ ಇಟಲಿ ಮೂಲದವರು.

ಆಕಾರ ಬಂದಿದ್ದು ಒಂದು ಮುಷ್ಕರದಿಂದ. 1929ರ ಜುಲೈನಲ್ಲಿ ನ್ಯೂ ಆರ್ಲಿಯನ್ಸ್‌ನ ಟ್ರ್ಯಾಮ್ ನೌಕರರು ಕೆಲಸ ನಿಲ್ಲಿಸಿದರು. ಸಾವಿರಕ್ಕೂ ಹೆಚ್ಚು ಜನ. ಬೆನ್ನಿ ಮಾರ್ಟಿನ್, ಕ್ಲೋವಿಸ್ ಮಾರ್ಟಿನ್ ಎಂಬ ಅಣ್ಣತಮ್ಮಂದಿರು ಆಗ ಫ್ರೆಂಚ್ ಮಾರ್ಕೆಟ್‌ನಲ್ಲಿ ಹೋಟೆಲು ನಡೆಸುತ್ತಿದ್ದರು. ಇಬ್ಬರೂ ಮೊದಲು ಟ್ರ್ಯಾಮ್ ಕಂಡಕ್ಟರ್ ಆಗಿದ್ದವರೇ. ಹಳೆಯ ಸಂಗಾತಿಗಳಿಗೆ ಕಾಗದ ಬರೆದರು: ಮುಷ್ಕರ ಮುಗಿಯುವವರೆಗೆ ನಿಮಗೆ ನಮ್ಮಲ್ಲಿ ಊಟ ಬಿಟ್ಟಿ. ಜನ ಬಂದರು, ಬರುತ್ತಲೇ ಇದ್ದರು. ಬಾಗಿಲಲ್ಲಿ ಒಬ್ಬ ಕಂಡಾಗಲೆಲ್ಲ ಒಳಗಿದ್ದವರು ‘ಬಂದ ನೋಡು ಇನ್ನೊಬ್ಬ ಪುವರ್ ಬಾಯ್’ ಅನ್ನುತ್ತಿದ್ದರಂತೆ. ಪಾಪ, ಬಡಪಾಯಿ ಅಂತ ನಾವು ಅನ್ನುವುದಿಲ್ಲವೇ, ಹಾಗೆ. ಊರಿನ ಉಚ್ಚಾರದಲ್ಲಿ ಅದು ಪೋ-ಬಾಯ್ ಆಯಿತು. ಹೆಸರಿನ ಬಗ್ಗೆ ಬೇರೆ ಕತೆಗಳೂ ಓಡಾಡುತ್ತವೆ. ಊರು ನಂಬಿರುವುದು ಇದನ್ನು.

ಆದರೆ ಇಷ್ಟು ಜನಕ್ಕೆ ಹಂಚುವುದರಲ್ಲಿ ಒಂದು ತೊಡಕಿತ್ತು. ಆಗಿನ ಬ್ರೆಡ್ಡಿನ ಎರಡೂ ತುದಿ ಚೂಪು. ನಡುವಿನ ತುಂಡು ಸಿಕ್ಕವನ ಹೊಟ್ಟೆ ತುಂಬುತ್ತದೆ, ತುದಿ ಸಿಕ್ಕವನಿಗೆ ಬರೀ ಸಿಪ್ಪೆ. ಮಾರ್ಟಿನ್ ಸೋದರರ ಜೊತೆ ಸೇರಿ ಜೆಂಡೂಸಾ ಹೊಸದೊಂದು ಬ್ರೆಡ್ ಮಾಡಿದರು. ಸುಮಾರು 40 ಇಂಚು ಉದ್ದ, ಈ ತುದಿಯಿಂದ ಆ ತುದಿಗೆ ಒಂದೇ ದಪ್ಪ. ಎಲ್ಲಿ ಕತ್ತರಿಸಿದರೂ ಪಾಲು ಸಮ. ಇವತ್ತು ನಿಮ್ಮ ಪೋ-ಬಾಯ್‌ನ ತುದಿ ಬಾಣದ ಹಾಗೆ ಚೂಪಾಗಿದ್ದರೆ ಅಲ್ಲೇ ಸ್ವಲ್ಪ ಅನುಮಾನ ಪಡಬಹುದು.

ಇನ್ನು ಒಳಗಿನದು. ಹಳೆಯ ಗಿರಾಕಿಗಳ ದೊಡ್ಡ ಜಗಳ ರೋಸ್ಟ್ ಬೀಫ್‌ನದ್ದು. ತೆಳ್ಳಗೆ ಹೆಚ್ಚಿ ಗ್ರೇವಿಯಲ್ಲಿ ಅದ್ದಬೇಕೋ, ಎಳೆಎಳೆಯಾಗಿ ಬಿಡಿಸಿಕೊಳ್ಳುವವರೆಗೆ ಬೇಯಿಸಬೇಕೋ ಅಂತ ಎರಡು ಪಂಗಡ. ಮದರ್ಸ್ ಎಂಬ ಹಳೆಯ ಹೋಟೆಲಿನಲ್ಲಿ ಬೇಯುವಾಗ ಉದುರಿ ಗ್ರೇವಿಗೆ ಬಿದ್ದ ಚೂರುಗಳಿಗೇ ‘ಡೆಬ್ರಿ’ ಅಂತ ಹೆಸರು, ಅದಕ್ಕೇ ಬೇಡಿಕೆ. ಎಷ್ಟು ಪೇಪರ್ ನ್ಯಾಪ್ಕಿನ್ ಖರ್ಚಾಯಿತು ಅನ್ನುವುದರ ಮೇಲೆ ಇದಕ್ಕೆ ಅಂಕ ಕೊಡುವವರಿದ್ದಾರೆ. ಮೊಣಕೈವರೆಗೆ ಗ್ರೇವಿ ಇಳಿಯದಿದ್ದರೆ ಅವರ ಪ್ರಕಾರ ಫೇಲು. ದನದ ಮಾಂಸ ತಿನ್ನದವರು ಈ ಜಗಳವನ್ನು ದೂರದಿಂದ ನೋಡಿ ಖುಷಿಪಡಬಹುದು.

ಸೀಗಡಿ ಮತ್ತು ಆಯ್ಸ್ಟರ್ (ಸಮುದ್ರದ ಸಿಂಪಿ) ವಿಷಯದಲ್ಲಿ ಪರೀಕ್ಷೆ ಸುಲಭ: ಆರ್ಡರ್ ಕೊಟ್ಟ ಮೇಲೆ ನಿಮ್ಮನ್ನು ಕಾಯುವಂತೆ ಮಾಡಿದರಾ? ಮಾಡಿದರೆ ಒಳ್ಳೆಯ ಲಕ್ಷಣ. ಮೊದಲೇ ಕರಿದು ದೀಪದ ಕೆಳಗಿಟ್ಟಿದ್ದರೆ ಹೊರಗಿನ ಹಿಟ್ಟು ಮೆತ್ತಗಾಗಿ ಕಳಚಿಕೊಂಡಿರುತ್ತದೆ. ಆಯ್ಸ್ಟರ್‌ಗೆ ಮೆಕ್ಕೆಜೋಳದ ಹಿಟ್ಟೇ ಸರಿ. ಒಳಗೆ ನೀರು ಜಾಸ್ತಿ ಇರುವ ಜೀವ ಅದು, ಹೊರಗೆ ತರಿತರಿ ಕವಚ ಬೇಕು. ಅಂದ ಹಾಗೆ ಬ್ರೆಡ್ಡಿನಲ್ಲಿ ಆಯ್ಸ್ಟರ್ ತುಂಬಿ ತಿನ್ನುವುದು ಮಾರ್ಟಿನ್ ಸೋದರರಿಗಿಂತ ಹಳೆಯದು. ಅದಕ್ಕೆ ಮೀಡಿಯಾತ್ರಿಸ್ ಅಂತ ಹೆಸರಿತ್ತು, ಅಂದರೆ ಸಂಧಾನ ಮಾಡಿಸುವವಳು. ರಾತ್ರಿ ತಡವಾಗಿ ಮನೆಗೆ ಬರುವ ಗಂಡ ಹೆಂಡತಿಯ ಕೋಪ ಇಳಿಸಲು ಒಯ್ಯುತ್ತಿದ್ದನಂತೆ. ನಮ್ಮಲ್ಲಿ ಒಂದು ಮೊಳ ಮಲ್ಲಿಗೆ ಮಾಡುವ ಕೆಲಸ ಅಲ್ಲಿ ಕರಿದ ಆಯ್ಸ್ಟರ್ ಮಾಡುತ್ತಿತ್ತು ಅನ್ನಿ.

ಕೌಂಟರಿನಲ್ಲಿ ‘ಡ್ರೆಸ್ಡ್?’ ಅಂತ ಕೇಳುತ್ತಾರೆ. ಗಾಬರಿಯಾಗಬೇಡಿ, ನಿಮ್ಮ ಬಟ್ಟೆಯ ಮಾತಲ್ಲ. ಲೆಟ್ಯೂಸ್, ಟೊಮೇಟೊ, ಸೌತೆಯ ಉಪ್ಪಿನಕಾಯಿ, ಮೇಯೋನೀಸ್ ಹಾಕಲಾ ಅಂತ. ಹೌದು ಅನ್ನಿ. ಬಿಸಿ ಕರಿದದ್ದರ ಪಕ್ಕ ತಣ್ಣಗಿನ ಲೆಟ್ಯೂಸ್, ಹುಳಿ ಉಪ್ಪಿನಕಾಯಿ ಇಲ್ಲದೆ ಅರ್ಧ ತಿನ್ನುವಷ್ಟರಲ್ಲಿ ಎಣ್ಣೆ ಮುಖಕ್ಕೆ ಹೊಡೆಯುತ್ತದೆ. ಮದರ್ಸ್‌ನವರು ಲೆಟ್ಯೂಸ್ ಬದಲು ಎಲೆಕೋಸು ಹಾಕುತ್ತಾರೆ. ನನಗೆ ಅದು ಇನ್ನೂ ಇಷ್ಟ, ಬೇಗ ಬಾಡುವುದಿಲ್ಲ. ಮೇಲೆ ನಾಲ್ಕು ಹನಿ ಹಾಟ್ ಸಾಸ್. ಅತಿಯಾಗಿ ತುಂಬಿದ್ದು ಮಾತ್ರ ನನಗೆ ಆಗಿಬರುವುದಿಲ್ಲ. ಫೋಟೊಗೆ ಚೆನ್ನ, ಆದರೆ ಎರಡು ತುತ್ತಿನಲ್ಲಿ ಸೀಗಡಿ ಪೂರಾ ಕಾಗದದ ಮೇಲೆ.

ಸಂಪ್ರದಾಯಸ್ಥರನ್ನು ಕೆಣಕಬೇಕಿದ್ದರೆ ಡಾಂಗ್ ಫುಂಗ್ ಹೆಸರು ಎತ್ತಿ. ವಿಯೆಟ್ನಾಂ ಯುದ್ಧ ಮುಗಿದ ಮೇಲೆ ನಿರಾಶ್ರಿತರಾಗಿ ಬಂದವರು ಊರಿನ ಪೂರ್ವದಲ್ಲಿ ನೆಲೆಸಿದರು. ಅಲ್ಲಿ 1982ರಲ್ಲಿ ಶುರುವಾದ ಬೇಕರಿ ಇದು. ಇವರ ಬಾನ್ ಮಿ ಸ್ಯಾಂಡ್‌ವಿಚ್‌ಗೆ ಊರಿನವರು ವಿಯೆಟ್ನಾಮಿ ಪೋ-ಬಾಯ್ ಅಂತಲೇ ಹೆಸರಿಟ್ಟಿದ್ದಾರೆ. ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ, ಹುಳಿಗೆ ಹಾಕಿದ ಕ್ಯಾರೆಟ್ ಇರುವುದರಿಂದ ನಮ್ಮ ನಾಲಿಗೆಗೆ ಬೇಗ ಒಗ್ಗುತ್ತದೆ. ಇದು ಪೋ-ಬಾಯ್ ಹೌದೋ ಅಲ್ಲವೋ? ಜರ್ಮನ್ನರು ಮಾಡಿದ್ದು ಫ್ರೆಂಚ್ ಬ್ರೆಡ್ ಆಗುವುದಾದರೆ ಇದೂ ಆಗಲಿ ಬಿಡಿ. ಇದರ ಸಿಪ್ಪೆಯೂ ತೆಳು, ತಿರುಳೂ ಹಗುರ.

ಸಸ್ಯಾಹಾರಿಗಳು ಕೇಳುತ್ತಾರೆ, ನಮಗೇನಿದೆ ಅಂತ. ಫ್ರೆಂಚ್ ಫ್ರೈಸ್ ಪೋ-ಬಾಯ್ ಇದೆ. ತೀರಾ ಹಳೆಯ ಬಗೆಗಳಲ್ಲಿ ಅದೂ ಒಂದು, ಬಡವರ ಹೊಟ್ಟೆ ತುಂಬಿಸಿದ್ದು. ಆದರೆ ಹುಷಾರು, ಅದರ ಮೇಲೆ ಸುರಿಯುವುದು ಬೀಫ್ ಗ್ರೇವಿ. ಗ್ರೇವಿ ಬೇಡ ಅಂತ ಮೊದಲೇ ಹೇಳಿ. ಸೀಗಡಿ ಕರಿದ ಎಣ್ಣೆಯಲ್ಲೇ ಆಲೂಗಡ್ಡೆ ಕರಿಯುತ್ತೀರಾ ಅಂತಲೂ ಕೇಳಿ. ಊರಿನ ಹಳೆಯ ಬಡಾವಣೆ ಫ್ರೆಂಚ್ ಕ್ವಾರ್ಟರ್‌ನ ಕಿಲ್ಲರ್ ಪೋ-ಬಾಯ್ಸ್ ಎಂಬ ಅಂಗಡಿಯಲ್ಲಿ ಸಿಹಿಗೆಣಸಿನ ಪೋ-ಬಾಯ್ ಮಾಡುತ್ತಾರೆ, ಅಲಸಂದೆ ಕಾಳು ಅರೆದು ಹಚ್ಚಿ. ಗೆಣಸು, ಅಲಸಂದೆ ಎರಡೂ ನಮಗೆ ನೆಂಟರೇ.

ಸೀಗಡಿ ತಿನ್ನುವವರು ಇನ್ನೊಂದು ಪ್ರಶ್ನೆ ಕೇಳಬೇಕು: ಇದು ಗಲ್ಫ್‌ನದ್ದಾ? ಪಕ್ಕದಲ್ಲೇ ಗಲ್ಫ್ ಆಫ್ ಮೆಕ್ಸಿಕೊ ಇದೆ, ಅಲ್ಲಿ ಬಲೆ ಹಾಕಿ ಹಿಡಿದ ಸೀಗಡಿಗೆ ಸಮುದ್ರದ ಸಿಹಿ ಇರುತ್ತದೆ. ಆದರೆ ಆಮದು ಮಾಲು ಅಗ್ಗ. ಇದಕ್ಕಾಗಿ ಮೀನುಗಾರರು ವರ್ಷಗಟ್ಟಲೆ ಗಲಾಟೆ ಮಾಡಿದ್ದಾರೆ. ಹೊರದೇಶದ ಸೀಗಡಿ ಬಳಸಿದರೆ ಗಿರಾಕಿಗೆ ತಿಳಿಸಲೇಬೇಕು ಅಂತ ಲೂಸಿಯಾನಾದಲ್ಲಿ 2019ರಿಂದ ಕಾನೂನೇ ಇದೆ. ಅಮೆರಿಕಕ್ಕೆ ಹೋಗುವ ಹೊರದೇಶದ ಸೀಗಡಿಯಲ್ಲಿ ಎಷ್ಟೋ ವರ್ಷಗಳಿಂದ ದೊಡ್ಡ ಪಾಲು ಭಾರತದ್ದು. ಅದರಲ್ಲೂ ಹೆಚ್ಚಿನದು ಆಂಧ್ರದ ಕೊಳಗಳಲ್ಲಿ ಸಾಕಿದ್ದು. ಅರ್ಧ ಭೂಮಿ ಸುತ್ತಿ, ಬಿಸಿಲಲ್ಲಿ ಸಾಲು ನಿಂತು, ಡ್ರೆಸ್ಡ್ ಅಂತ ಹೇಳಿ ಕೊನೆಗೆ ನೀವು ಕಚ್ಚುವುದು ಭೀಮಾವರದ ಸೀಗಡಿ ಆಗಿರಬಹುದು. ಮೆನು ಕಾರ್ಡಿನ ಸಣ್ಣ ಅಕ್ಷರ ಓದಿ. ಆಮೇಲೆ ಸಿಕ್ಕಿದ್ದನ್ನು ಕೈಯಲ್ಲಿ ಹಿಡಿದು ಊರು ಸುತ್ತಬೇಡಿ, ಅಲ್ಲೇ ನಿಂತು ತಿನ್ನಿ.